ಒಂದೂ ಸುಳ್ಳಿಲ್ಲದ ಶಿಫಾರಸು

ಅವಳಿಗೆ ಮಾತು ಬಂದದ್ದು ಒಂಬತ್ತನೆಯ ತಿಂಗಳಲ್ಲಿ, ನಿಂತದ್ದು ಇವತ್ತಿಗೂ ಇಲ್ಲ ಎಂದು ಅವಳ ದೊಡ್ಡಮ್ಮ ಹೇಳುತ್ತಿದ್ದಳು. ಅರಳು ಹುರಿದ ಹಾಗೆ ಮಾತಾಡುತ್ತಾಳೆಂದು ‘ಅರಳು’ ಎಂಬ ಅಡ್ಡಹೆಸರಿಟ್ಟವಳೂ ದೊಡ್ಡಮ್ಮನೇ. ಆ ಹೆಸರು ಅವಳ ಬೆನ್ನು ಹತ್ತಿ ಶಾಲೆಗೆ ಹೋಯಿತು, ನರ್ಸಿಂಗ್ ಕಾಲೇಜಿಗೆ ಹೋಯಿತು, ಕೊನೆಗೆ ಅವಳು ಕೆಲಸಕ್ಕೆ ಸೇರಿದ ಆಸ್ಪತ್ರೆಗೂ ಬಂತು.

ದೊಡ್ಡಮ್ಮ ಇನ್ನೊಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದು ನಿವೃತ್ತಳಾದವಳು. ನಿವೃತ್ತಿಯಾದರೂ ಅವಳ ಕೈ ಮಾತ್ರ ಥಿಯೇಟರಿನಲ್ಲೇ ಉಳಿದಿತ್ತು. ಮನೆಯಲ್ಲಿ ಯಾರಾದರೂ ಚಮಚ ಕೇಳಿದರೆ ಅದು ಹಿಡಿಯ ಕಡೆಯಿಂದ, ಟಪ್ಪೆಂದು, ಅವರ ಅಂಗೈಗೆ ಬಂದು ಬೀಳುತ್ತಿತ್ತು. ಅಡುಗೆಮನೆಯ ಚಾಕುಗಳು ಒಗೆದ ಬಟ್ಟೆಯ ಮೇಲೆ ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಮಲಗಿರುತ್ತಿದ್ದವು. ತಂಗಿಯ ಮಗಳು ನರ್ಸಿಂಗ್ ಸೇರಿದ ದಿನವೇ, ಓದು ಮುಗಿದ ಮೇಲೆ ಯಾವ ವಿಭಾಗ ಎಂಬುದನ್ನೂ ಅವಳು ತೀರ್ಮಾನಿಸಿಬಿಟ್ಟಿದ್ದಳು.

“ವಾರ್ಡು ಗೀರ್ಡು ಅಂತ ಹೋಗ್ಬೇಡ. ನರ್ಸ್ ಅಂದ್ರೆ ಥಿಯೇಟರ್ ನರ್ಸ್. ಉಳಿದೋರೆಲ್ಲ ದಿಂಬು ಸರಿ ಮಾಡೋರು.”

ಅರಳುವಿನ ಅಮ್ಮ ತನ್ನ ಅಕ್ಕನಿಗೆ ಎದುರಾಡಿದವಳಲ್ಲ. ಪಕ್ಕದ ಮನೆಯ ಅಜ್ಜ ಮಾತ್ರ, ಹುಡುಗಿಗೆ ಥಿಯೇಟರಿನಲ್ಲಿ ಕೆಲಸವಂತೆ ಎಂದು ಅರ್ಧ ಕೇಳಿಸಿಕೊಂಡು, ಬಾಲ್ಕನಿಯಲ್ಲಿ ಎರಡು ಸೀಟು ಹಿಡಿದಿಡಲು ಹೇಳಿಕಳಿಸಿದ್ದ.

ಅರಳುವಿಗೂ ಥಿಯೇಟರೇ ಬೇಕಿತ್ತು. ಅಲ್ಲಿಯ ಹಸಿರು ಬಟ್ಟೆ ಇಷ್ಟ, ಬೆಳಕಿಗೆ ಮಿನುಗುವ ಉಪಕರಣಗಳು ಇಷ್ಟ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿಯ ರೋಗಿಗಳು ನಿದ್ದೆಯಲ್ಲಿರುತ್ತಾರೆ. ಗಂಜಿ ತಣ್ಣಗಿದೆ, ಫ್ಯಾನು ಜೋರಾಗಿದೆ ಎಂದು ಗಂಟೆಗೆ ಹತ್ತು ಸಲ ಕರೆಯುವುದಿಲ್ಲ.

ಆ ಆಸ್ಪತ್ರೆಯಲ್ಲಿ ಹೊಸ ನರ್ಸುಗಳನ್ನು ನಾಲ್ಕು ವಿಭಾಗಗಳಲ್ಲಿ ಆರಾರು ವಾರ ತಿರುಗಿಸುತ್ತಿದ್ದರು. ಕೊನೆಯಲ್ಲಿ ನೀಲಿ ಬಣ್ಣದ ಒಂದು ಫಾರಂ. ಅದರಲ್ಲಿ ತಮಗೆ ಬೇಕಾದ ವಿಭಾಗದ ಹೆಸರು ಬರೆದು, ಆ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿಕೊಂಡು ಕೊಟ್ಟರೆ ಅಲ್ಲಿಗೇ ಕಾಯಂ. ಅರಳು ಮಕ್ಕಳ ವಾರ್ಡು ಮುಗಿಸಿದಳು, ಜನರಲ್ ವಾರ್ಡು ಮುಗಿಸಿದಳು, ಥಿಯೇಟರನ್ನೂ ಮುಗಿಸಿದಳು. ಥಿಯೇಟರಿನ ಹೆಡ್ ಸಿಸ್ಟರ್‌ಗೆ ಹುಡುಗಿಯರಿಟ್ಟ ಹೆಸರು ‘ಶ್ ಸಿಸ್ಟರ್’. ಟ್ರೇ ಸದ್ದಾದರೂ ಶ್, ಚಪ್ಪಲಿ ಸದ್ದಾದರೂ ಶ್, ಒಮ್ಮೆ ಗೋಡೆ ಗಡಿಯಾರ ನೋಡಿಯೂ ಶ್ ಅಂದಿದ್ದರಂತೆ. ಅಂಥವರ ಕೈಕೆಳಗೆ ಆರು ವಾರ ಅರಳು ಹೇಗೆ ಬಾಯಿ ಮುಚ್ಚಿಕೊಂಡಿದ್ದಳೆಂದರೆ, ಮುಚ್ಚಿಕೊಂಡಿರಲೇ ಇಲ್ಲ. ಮಾಸ್ಕಿನ ಹಿಂದೆ ದನಿಯಿಲ್ಲದೆ ತುಟಿ ಅಲ್ಲಾಡಿಸುತ್ತ ದಿನವಿಡೀ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ಶ್ ಸಿಸ್ಟರಿಗೆ ಅದು ಗೊತ್ತಾಗಲಿಲ್ಲ. “ಕೈ ಚುರುಕು, ಬಾಯಿ ಶಾಂತ. ಫಾರಂ ಬಂದಾಗ ತಗೊಂಡು ಬಾ” ಎಂದು ಬೆನ್ನು ತಟ್ಟಿ ಕಳಿಸಿದರು. ಆ ಸುದ್ದಿ ಕೇಳಿ ದೊಡ್ಡಮ್ಮ ಇಡೀ ಬೀದಿಗೆ ಸಿಹಿ ಹಂಚಿದಳು.

ಉಳಿದದ್ದು ಕೊನೆಯ ಆರು ವಾರ, ಡಯಾಲಿಸಿಸ್. ನೆಲಮಹಡಿಯ ಹಿಂಭಾಗದಲ್ಲಿ, ಲಾಂಡ್ರಿಯ ಪಕ್ಕದ ಉದ್ದನೆಯ ಕೋಣೆ. ಆರು ಒರಗು ಕುರ್ಚಿ, ಆರು ಯಂತ್ರ. ಕಿಡ್ನಿ ಕೈಕೊಟ್ಟವರು ವಾರಕ್ಕೆ ಮೂರು ದಿನ ಬಂದು ನಾಲ್ಕು ನಾಲ್ಕು ಗಂಟೆ ಕೂತು ರಕ್ತ ಸೋಸಿಸಿಕೊಂಡು ಹೋಗುವ ಜಾಗ. ಅದರ ಇನ್‌ಚಾರ್ಜ್ ಒಬ್ಬ ಗಂಡಸು ನರ್ಸ್. ಸಣಕಲ, ಮಾತು ಕಡಿಮೆ, ಎಲ್ಲರೂ ಅವರನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದರು.

“ಇಲ್ಲಿ ಎರಡು ವಿಷಯ ನೆನಪಿಟ್ಕೊ” ಎಂದರು ಅಣ್ಣ ಮೊದಲ ದಿನ. “ಇವರು ಕುಡಿದ ನೀರು ಹೊರಗೆ ಹೋಗಲ್ಲ, ಮೈಯಲ್ಲೇ ನಿಲ್ಲತ್ತೆ. ಬಂದ ಕೂಡಲೇ ತೂಕ ನೋಡು. ಎಷ್ಟು ಹೆಚ್ಚಿದೆಯೋ ಅಷ್ಟು ನೀರು ಯಂತ್ರದಲ್ಲಿ ತೆಗೀಬೇಕು. ಇನ್ನೊಂದು, ಕಿಟಕಿ ಪಕ್ಕದ ಮೂರು ಕುರ್ಚಿಯೋರನ್ನ ನಂಬ್ಬೇಡ.”

ಕಿಟಕಿ ಪಕ್ಕದ ಮೂವರೂ ಸೋಮ, ಬುಧ, ಶುಕ್ರ ಬೆಳಗಿನ ಪಾಳಿಯವರು. ಮೊದಲನೆಯ ಕುರ್ಚಿ ಮೇಷ್ಟ್ರದು. ನಿವೃತ್ತ ಭಾಷಾ ಶಿಕ್ಷಕರು. ಸೂಜಿ ಚುಚ್ಚಿಸಿಕೊಳ್ಳದ ಕೈಯಲ್ಲಿ ಕೆಂಪು ಪೆನ್ನು ಹಿಡಿದು ದಿನಪತ್ರಿಕೆಯ ಕಾಗುಣಿತ ತಿದ್ದುತ್ತಿದ್ದರು. ಎರಡನೆಯದು ಟೈಲರಮ್ಮನದು. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದ ಹೆಂಗಸು, ಮನುಷ್ಯರನ್ನು ಅಳತೆಯಲ್ಲೇ ನೋಡುವವಳು. ಅರಳುವನ್ನು ಕಂಡೊಡನೆ ಅವಳು ಹೇಳಿದ್ದು, “ಯೂನಿಫಾರಂ ತೋಳು ಅರ್ಧ ಇಂಚು ಉದ್ದ ಇದೆ, ಯಾವನು ಹೊಲಿದದ್ದು?” ಮೂರನೆಯ ಕುರ್ಚಿಯವನು ಇಪ್ಪತ್ತು ವರ್ಷ ಲಾರಿ ಓಡಿಸಿದ ಡ್ರೈವರಣ್ಣ. ಈಗ ಓಡಿಸಲು ಏನೂ ಇಲ್ಲದ್ದರಿಂದ ಕುರ್ಚಿಯ ಸನ್ನೆಕೋಲನ್ನು ಗೇರಿನಂತೆ ಹಿಂದೆ ಮುಂದೆ ಹಾಕುತ್ತ ಕೂರುತ್ತಿದ್ದ.

ಮೊದಲ ದಿನವೇ ಡ್ರೈವರಣ್ಣ ಅವಳಿಗೆ ಟೋಪಿ ಹಾಕಿದ. ತೂಕದ ಯಂತ್ರ ಕಿಟಕಿಗೆ ತಾಗಿಕೊಂಡಿತ್ತು. ಅವನು ಅದರ ಮೇಲೆ ಸಾಧುವಿನಂತೆ ನಿಂತ. ಅರಳು ತನ್ನ ಬಸ್ಸು ತಪ್ಪಿದ ಕಥೆ ಹೇಳುತ್ತಲೇ ಮುಳ್ಳು ನೋಡಿ ಬರೆದುಕೊಂಡಳು, ಒಂದೂವರೆ ಕಿಲೊ ಹೆಚ್ಚು. ಅವನ ಬೆನ್ನ ಹಿಂದಿದ್ದ ಕೈ ಕಿಟಕಿಯ ಕಟ್ಟೆಯನ್ನು ಒತ್ತಿ ಹಿಡಿದದ್ದನ್ನು ಮೇಷ್ಟ್ರೂ ಟೈಲರಮ್ಮನೂ ನೋಡಿದ್ದರು. ನೋಡಿ ಪತ್ರಿಕೆಯತ್ತ ಒಬ್ಬರು, ಸೂರಿನತ್ತ ಒಬ್ಬರು ಕಣ್ಣು ಹಾಯಿಸಿದ್ದರು.

ಬುಧವಾರ ಅಣ್ಣ ಅವಳನ್ನು ಪಕ್ಕಕ್ಕೆ ಕರೆದರು. “ನಿನ್ನೆ ಡ್ರೈವರ್ ಹೆಂಡತಿ ಫೋನ್ ಮಾಡಿದ್ರು. ಮೆಟ್ಟಿಲು ಹತ್ತೋಕೆ ಉಸಿರು ಸಾಲ್ತಿಲ್ಲವಂತೆ. ತೂಕ ಸರಿಯಾಗಿ ನೋಡಿದ್ದೆ ತಾನೆ?”

ಅರಳುವಿನ ಮುಖ ಕೆಂಪಾಯಿತು. ಅವಳು ಯಾರನ್ನೂ ಏನೂ ಕೇಳಲಿಲ್ಲ. ತೂಕದ ಯಂತ್ರವನ್ನು ಎರಡೂ ಕೈಯಲ್ಲಿ ಎಳೆದು ತಂದು ಕೋಣೆಯ ನಟ್ಟನಡುವೆ ಇಟ್ಟಳು. ಡ್ರೈವರಣ್ಣ ಅದರ ಮೇಲೆ ಹತ್ತಿದ. ಅವನ ಕೈ ಹಿಂದಕ್ಕೆ ಹೋಗಿ ಗಾಳಿಯಲ್ಲಿ ಕಟ್ಟೆ ಹುಡುಕಿ ಸಿಗದೆ ವಾಪಸು ಬಂತು.

“ಮೂರು ಮುಕ್ಕಾಲು ಕಿಲೊ ಹೆಚ್ಚು” ಎಂದಳು ಅರಳು.

“ಚಪ್ಪಲಿದು ಇರ್ಬೇಕು ಸಿಸ್ಟರ್.”

“ಬರಿಗಾಲಲ್ಲಿ ನಿಂತಿದ್ದೀರ.”

ಮೇಷ್ಟ್ರು ಪತ್ರಿಕೆಯ ಹಿಂದೆ ಕಿಸಕ್ಕನೆ ನಕ್ಕರು. ಹೆಚ್ಚು ನೀರು ತೆಗೆದರೆ ಕಾಲು ಸೆಡೆಯುತ್ತದೆ, ಅದಕ್ಕೇ ಹಾಗೆ ಮಾಡಿದೆ ಎಂದು ಡ್ರೈವರಣ್ಣ ಒಪ್ಪಿಕೊಂಡ. ಅರಳು ಬಯ್ಯಲಿಲ್ಲ. “ಕುಡಿಯೋದು ನೀವು, ಉಸಿರು ಕಟ್ಟೋದು ನಿಮಗೆ, ಬೈಗುಳ ನನಗೆ. ಇದ್ಯಾವ ನ್ಯಾಯ ಡ್ರೈವರಣ್ಣ?” ಎಂದು ಕೇಳಿ, ಬಸ್ಸಿನ ಕಥೆಯನ್ನು ನಿಂತಲ್ಲಿಂದ ಮುಂದುವರಿಸಿದಳು. ಅವತ್ತಿಂದ ಮೂವರಿಗೂ ಅವಳು ಹಿಡಿಸಿದಳು.

ಎರಡನೆಯ ವಾರ ಅಣ್ಣ ಅವಳ ಕೈಗೆ ಸೂಜಿ ಕೊಟ್ಟರು. ಡಯಾಲಿಸಿಸ್‌ನವರ ತೋಳಿನಲ್ಲಿ ಎರಡು ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸಿರುತ್ತಾರೆ. ಅಲ್ಲಿ ಬೆರಳಿಟ್ಟರೆ ಒಳಗೆ ಜೀರುಂಡೆಯೊಂದು ಕೂತಂತೆ ಝುಂ ಎನ್ನುತ್ತಿರುತ್ತದೆ. ಆ ಝುಂಕಾರ ಹಿಡಿದು ಎರಡು ದಪ್ಪ ಸೂಜಿ ಹಾಕಬೇಕು. ಒಂದರಲ್ಲಿ ರಕ್ತ ಹೊರಗೆ, ಇನ್ನೊಂದರಲ್ಲಿ ಒಳಗೆ. ಯಾರ ಮೇಲೆ ಮೊದಲು ಎಂಬ ಪ್ರಶ್ನೆ ಬಂದಾಗ ಟೈಲರಮ್ಮನೇ ತೋಳು ಚಾಚಿದಳು.

“ನಡುಗ್ಬೇಡ ಮಗು. ಎಡಗೈಲಿ ಚರ್ಮ ಎಳೆದು ಹಿಡ್ಕೊ. ಬಟ್ಟೆ ಸಡಿಲ ಬಿಟ್ರೆ ಸೂಜಿ ಸೊಟ್ಟ ಹೋಗತ್ತೆ. ಹಾಂ, ಹಾಗೆ. ಈಗ ಯೋಚನೆ ಮಾಡ್ದೆ ಹಾಕು.”

ಅರಳು ಯೋಚನೆ ಮಾಡದಿರಲು ತನಗೆ ಗೊತ್ತಿದ್ದ ಒಂದೇ ಉಪಾಯ ಹೂಡಿದಳು, ಬಾಯಿ ಬಿಟ್ಟಳು. ದೊಡ್ಡಮ್ಮ ಒಬ್ಬ ದೊಡ್ಡ ಡಾಕ್ಟರನ್ನು ಕೊಳಕು ಬೂಟು ಹಾಕಿ ಬಂದನೆಂದು ಥಿಯೇಟರಿನಿಂದ ಆಚೆ ಕಳಿಸಿದ ನಿಜವಾದ ಕಥೆ. “ದೊಡ್ಡಮ್ಮ ಬಾಗಿಲ ಕಡೆ ಕೈ ತೋರಿಸಿದ್ಲು. ಡಾಕ್ಟರು ಅವಳನ್ನ ನೋಡಿದ್ರು, ತಮ್ಮ ಬೂಟು ನೋಡಿದ್ರು, ಆಮೇಲೆ...” ಅಲ್ಲಿ ನಿಲ್ಲಿಸಿ ಸೂಜಿ ಹಾಕಿದಳು. “ಆಮೇಲೆ ಏನಾಯ್ತು?” ಎಂದಳು ಟೈಲರಮ್ಮ. ಸೂಜಿ ಒಳಗೆ ಹೋದದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಅಣ್ಣ ಮುಂದಿನ ಸೂಜಿಯನ್ನೂ ಅವಳ ಕೈಗೇ ಕೊಟ್ಟರು.

ಹೀಗೆ ಅದೊಂದು ಪದ್ಧತಿಯೇ ಆಯಿತು. ಸೂಜಿಗೆ ಸರಿಯಾಗಿ ಕಥೆಯ ಕುತ್ತಿಗೆ ಹಿಸುಕುವುದು, ಕೊನೆಯನ್ನು ಮುಂದಿನ ಸರದಿಗೆ ಇಟ್ಟುಕೊಳ್ಳುವುದು. ದೊಡ್ಡಮ್ಮನ ನಿಜವಾದ ಕಥೆಗಳು ಹತ್ತು ದಿನಕ್ಕೆ ಮುಗಿದುಹೋದವು. ಅಲ್ಲಿಂದ ಮುಂದೆ ಅರಳು ಸುಳ್ಳು ಕಥೆಗಳಿಗೆ ಇಳಿದಳು. ದೊಡ್ಡಮ್ಮ ಲಿಫ್ಟಿನಲ್ಲಿ ಸಿಕ್ಕಿಕೊಂಡ ಮಂತ್ರಿಗೆ ಅಲ್ಲೇ ಆಪರೇಷನ್ ಮಾಡಿಸಿದಳು; ಕರೆಂಟು ಹೋದಾಗ ನಾಲ್ಕು ಕನ್ನಡಿ ಜೋಡಿಸಿ ಸೂರ್ಯನನ್ನೇ ಒಳಗೆ ಕರೆತಂದಳು. ಕಥೆಗೆ ಬೇಕಾದ ಪಾತ್ರಗಳೆಲ್ಲ ಕೈಯಲ್ಲಿದ್ದ ಕತ್ತರಿ, ಫೋರ್ಸೆಪ್ಸ್ ಎಂಬ ಇಕ್ಕಳದಂಥ ಉಪಕರಣಗಳಿಂದಲೇ ಹುಟ್ಟುತ್ತಿದ್ದವು. ಎರಡು ವಾರಕ್ಕೊಮ್ಮೆ ಶುಕ್ರವಾರ ತಪ್ಪಿಸುತ್ತಿದ್ದ ಡ್ರೈವರಣ್ಣ ಒಂದು ದಿನವೂ ತಪ್ಪಿಸದೆ ಬರತೊಡಗಿದ. ಅಣ್ಣ ಅದನ್ನು ರಿಜಿಸ್ಟರಿನಲ್ಲಿ ಗಮನಿಸಿ ಒಂದು ಗೆರೆ ಎಳೆದುಕೊಂಡರು.

ಐದನೆಯ ವಾರದ ಸೋಮವಾರ ಅರಳು ತಾನಾಗಿಯೇ ಸುದ್ದಿ ಕೊಟ್ಟಳು. “ಇನ್ನೆರಡು ವಾರ ಅಷ್ಟೇ. ಆಮೇಲೆ ನಾನು ಥಿಯೇಟರಿಗೆ.”

ಅವಳು ಲಾಂಡ್ರಿಯಿಂದ ಹೊದಿಕೆ ತರಲು ಹೋದಾಗ ಮೂವರೂ, ಯಂತ್ರಗಳ ಕೊಳವೆ ಬಿಟ್ಟಷ್ಟು ದೂರ, ಒಬ್ಬರ ಕಡೆಗೊಬ್ಬರು ವಾಲಿದರು.

“ಸಿಸ್ಟರ್ ಕೆಟ್ಟೋರು ಅಂತ ಮೇಲಕ್ಕೆ ಒಂದು ಅರ್ಜಿ ಬರೆದುಬಿಡೋಣ” ಎಂದ ಡ್ರೈವರಣ್ಣ.

“ಸುಳ್ಳು ನಾನು ಬರೆಯೋದಿಲ್ಲ” ಎಂದರು ಮೇಷ್ಟ್ರು. “ಮೂವತ್ತಾರು ವರ್ಷ ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಅಂತ ಹೇಳಿದೋನು ನಾನು.”

“ನಿಜ ಬರೀರಿ ಹಾಗಾದ್ರೆ” ಎಂದಳು ಟೈಲರಮ್ಮ. “ಆ ಶ್ ಸಿಸ್ಟರಿಗೆ ನಿಜ ಗೊತ್ತಾದ್ರೆ ಸಾಕಲ್ಲ.”

ಮೇಷ್ಟ್ರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿದರು. ಆಮೇಲೆ ಅವರ ಮುಖದಲ್ಲಿ ಹಿಂದಿನ ಬೆಂಚಿನ ಹುಡುಗನ ನಗುವೊಂದು ಮೂಡಿತು.

ಗುರುವಾರ ಅರಳು ನೀಲಿ ಫಾರಂ ಹಿಡಿದು ಶ್ ಸಿಸ್ಟರ್ ಕೋಣೆಗೆ ಹೋದಳು. ಸಿಸ್ಟರ್ ಫಾರಂ ಮುಟ್ಟದೆ ಮೇಜಿನಿಂದ ಒಂದು ಹಾಳೆ ತೆಗೆದು ಮೆಲುದನಿಯಲ್ಲಿ ಓದಿದರು.

“ಮಾನ್ಯರೇ, ನಮ್ಮ ನೆಚ್ಚಿನ ನರ್ಸ್ ನಿಮ್ಮ ವಿಭಾಗಕ್ಕೆ ಬರುತ್ತಿರುವುದು ತಿಳಿದು ಈ ಶಿಫಾರಸು ಪತ್ರ ಬರೆಯುತ್ತಿದ್ದೇವೆ. ಬೆಳಗ್ಗೆ ಏಳಕ್ಕೆ ಆರಂಭವಾಗುವ ಇವರ ಮಾತು ಹನ್ನೊಂದೂವರೆಯಾದರೂ ಒಮ್ಮೆಯೂ ಕಡಿಯುವುದಿಲ್ಲ. ನಾಲ್ಕು ಯಂತ್ರಗಳ ಅಲಾರಂ ಒಟ್ಟಿಗೆ ಹೊಡೆದುಕೊಂಡರೂ ಅವೆಲ್ಲವನ್ನೂ ಮೀರಿ ಇವರ ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ಇವರು ನಕ್ಕರೆ ಪಕ್ಕದ ಲಾಂಡ್ರಿಯವರು ಇಸ್ತ್ರಿ ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಉಪಕರಣಗಳನ್ನು ಬಳಸುವುದರಲ್ಲಿ ಇವರ ಕಲ್ಪನೆಗೆ ಎಣೆಯಿಲ್ಲ. ಮೊನ್ನೆ ಒಂದು ಫೋರ್ಸೆಪ್ಸ್ ಕಥೆಯಲ್ಲಿ ಮೊಸಳೆಯಾಗಿ ಡ್ರೈವರ್ ಅವರ ಮೂಗು ಕಚ್ಚಿತು. ನಿಮ್ಮ ಥಿಯೇಟರಿನಲ್ಲಿ ಈಗಿರುವ ಮೌನ ಇವರು ಬಂದ ಮೊದಲ ದಿನವೇ ತೊಲಗುವುದೆಂದು ನಮಗೆ ಪೂರ್ಣ ಭರವಸೆಯಿದೆ.”

ಕೆಳಗೆ ಮೂರು ಸಹಿ. ಕರಿಹಲಗೆಯ ಮೇಲೆ ಬರೆದಂಥ ದುಂಡಗಿನ ಅಕ್ಷರ ಯಾರದೆಂದು ಅರಳುವಿಗೆ ಮೊದಲ ಸಾಲಿನಲ್ಲೇ ಗೊತ್ತಾಗಿತ್ತು.

“ಇದರಲ್ಲಿ ಸುಳ್ಳು ಎಷ್ಟು?” ಎಂದರು ಸಿಸ್ಟರ್.

ಅರಳು ಒಮ್ಮೆ ಪೂರ್ತಿ ನೆನಪಿಸಿಕೊಂಡಳು. “ಒಂದೂ ಇಲ್ಲ ಸಿಸ್ಟರ್.”

“ಹೋಗು” ಎಂದರು ಶ್ ಸಿಸ್ಟರ್. ಫಾರಂ ಖಾಲಿಯಾಗಿಯೇ ವಾಪಸು ಬಂತು.

ಆ ಸಂಜೆ ಮನೆಯಲ್ಲಿ ಅವಳು ಹೆಚ್ಚೇನೂ ಹೇಳಲಿಲ್ಲ. ಯಾರೋ ಪತ್ರ ಬರೆದಿದ್ದಾರೆ, ಥಿಯೇಟರ್ ಸಿಗಲಿಲ್ಲ, ಅಷ್ಟೇ. ದೊಡ್ಡಮ್ಮ ಕೈಯಲ್ಲಿದ್ದ ಚಾಕುವನ್ನು ಸಾಲಿನಲ್ಲಿ ಅದರ ಜಾಗಕ್ಕೆ ಇಟ್ಟಳು. “ಡಯಾಲಿಸಿಸ್ ಎಷ್ಟು ಗಂಟೆಗೆ ಶುರು?” ಎಂದಷ್ಟೇ ಕೇಳಿದಳು.

ಶುಕ್ರವಾರ ಅರಳು ಮಾತು ಬಿಟ್ಟಳು. ಮೂವರ ತೂಕ ನೋಡಿದಳು, ಬರೆದಳು, ಸೂಜಿ ಹಾಕಿದಳು, ಯಂತ್ರ ನಡೆಸಿದಳು, ಒಂದಕ್ಷರ ಆಡಲಿಲ್ಲ. ಸೂಜಿಯ ನೋವು ಆವತ್ತು ಮೂವರಿಗೂ ಗೊತ್ತಾಯಿತು. ಡ್ರೈವರಣ್ಣನ ಸಂಕಟ ಎಲ್ಲರಿಗಿಂತ ದೊಡ್ಡದು. ಬುಧವಾರ ಕಥೆ ಬಹಳ ಕೆಟ್ಟ ಜಾಗದಲ್ಲಿ ನಿಂತಿತ್ತು: ಆಪರೇಷನ್ ನಡೆಯುವಾಗ ಟೇಬಲ್ಲಿನ ಕೆಳಗೆ ಕಳ್ಳನೊಬ್ಬ ಅಡಗಿದ್ದಾನೆ, ದೊಡ್ಡಮ್ಮ ತಲೆ ತಗ್ಗಿಸದೆಯೇ ಉದ್ದನೆಯ ಫೋರ್ಸೆಪ್ಸಿನಲ್ಲಿ ಅವನ ಕಿವಿ ಹಿಡಿದಿದ್ದಾಳೆ, ಅದೇ ಗಳಿಗೆಯಲ್ಲಿ ಡಾಕ್ಟರು ಅದೇ ಫೋರ್ಸೆಪ್ಸಿಗೆ ಕೈ ಚಾಚಿದ್ದಾರೆ.

“ಸಿಸ್ಟರ್, ಕೊಟ್ಟಳಾ ಇಲ್ವಾ ಅಂತ ಅದೊಂದು ಹೇಳಿಬಿಡಿ” ಎಂದ. ಅರಳು ಯಂತ್ರದ ಅಂಕಿ ಬರೆದುಕೊಂಡು ಮುಂದೆ ಹೋದಳು.

ಒಂಬತ್ತು ಗಂಟೆ ಸುಮಾರಿಗೆ ಟೈಲರಮ್ಮ ಕೂಗಿದಳು. “ಮಗು, ಇವನನ್ನ ನೋಡು.” ಡ್ರೈವರಣ್ಣ ತುಟಿ ಕಚ್ಚಿಕೊಂಡು ಬೆವರುತ್ತಿದ್ದ, ಅವನ ಕಾಲಿನ ಮೀನಖಂಡ ಕಲ್ಲಿನಂತೆ ಗಂಟುಗಟ್ಟಿತ್ತು. ಅರಳು ಓಡಿ ಬಂದು ನೀರು ತೆಗೆಯುವುದನ್ನು ನಿಲ್ಲಿಸಿದಳು, ಕುರ್ಚಿ ಹಿಂದಕ್ಕೆ ಮಲಗಿಸಿದಳು, ಸ್ವಲ್ಪ ಸಲೈನ್ ಬಿಟ್ಟು, ಅವನ ಅಂಗಾಲನ್ನು ತನ್ನ ಹೊಟ್ಟೆಗೆ ಆನಿಸಿ ಬೆರಳುಗಳನ್ನು ಮೇಲಕ್ಕೆ ಬಲವಾಗಿ ಒತ್ತಿ ಹಿಡಿದಳು. ಗಂಟು ಮೆಲ್ಲಗೆ ಸಡಿಲವಾಯಿತು.

“ಎಷ್ಟೊತ್ತಿಂದ?” ಎಂದಳು. ಅದು ಆ ದಿನದ ಅವಳ ಮೊದಲ ಮಾತು.

“ಹತ್ತು ನಿಮಿಷ.”

“ಕರೆಯೋಕೇನು ರೋಗ?”

“ನೀವು ಮಾತು ಬಿಟ್ಟಿದ್ರಲ್ಲ ಸಿಸ್ಟರ್.”

ಅರಳು ಅವನ ಕಾಲು ಹಿಡಿದೇ ನಿಂತಳು. ಮಾತಾಡುವ ದಿನಗಳಲ್ಲಿ ಕೇಳುವವರಿಗೆ ರುಚಿಸುತ್ತಿದೆಯೋ ಇಲ್ಲವೋ ಎಂದು ಅವಳ ಕಣ್ಣು ಮೂವರ ಮುಖಗಳ ಮೇಲೇ ಆಡುತ್ತಿತ್ತು. ಹುಬ್ಬು ಸ್ವಲ್ಪ ಗಂಟಾದರೂ ಅವಳಿಗೆ ತಿಳಿಯುತ್ತಿತ್ತು. ಇವತ್ತು ಬೆಳಗಿನಿಂದ ಅವಳು ನೋಡಿದ್ದು ಯಂತ್ರಗಳನ್ನು ಮಾತ್ರ. ಹತ್ತು ನಿಮಿಷ ಒಬ್ಬ ಮನುಷ್ಯ ತನ್ನಿಂದ ಆರಡಿ ದೂರದಲ್ಲಿ ನೋವು ತಿಂದಿದ್ದಾನೆ. ಅವಳಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಅದು ಈಗ ಯಾರ ಮೇಲೆ ಎಂಬುದು ಸರಿಯಾಗಿ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿದು ಕಟ್ಟಿದ ಕೂದಲು; ಮೊಣಕಾಲು ನೋವಿಗೆ ಹಿಡಿಯುವ ಕೋಲನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದಳು.

“ಪತ್ರ ಬರೆದ ಮಹಾನುಭಾವರು ಯಾರು?” ಎಂದಳು.

“ದೊಡ್ಡಮ್ಮ, ನೀನ್ಯಾಕೆ ಬಂದೆ?” ಎಂದಳು ಅರಳು ಗಾಬರಿಯಿಂದ. ಅವಳ ಗಾಬರಿಗೆ ಕಾರಣ ಜಗಳ ಅಲ್ಲ ಎಂಬುದು ಮರುಕ್ಷಣವೇ ತಿಳಿಯಿತು.

“ದೊಡ್ಡಮ್ಮನಾ?” ಡ್ರೈವರಣ್ಣ ನೋವು ಮರೆತು ಎದ್ದು ಕೂತ. “ಥಿಯೇಟರ್ ದೊಡ್ಡಮ್ಮ ಇವರೇನಾ?” ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಏಳಲಾಗದ್ದಕ್ಕೆ ಕೂತಲ್ಲೇ ಬಾಗಿದರು. ಟೈಲರಮ್ಮ ಆಪಾದಮಸ್ತಕ ಅಳೆದು, “ಹೇಳಿದ ಹಾಗೇ ಇದ್ದಾರೆ. ಭುಜ ನೋಡಿ, ಎಷ್ಟು ನೆಟ್ಟಗೆ” ಎಂದಳು.

ಜಗಳಕ್ಕೆಂದು ಬಂದವಳಿಗೆ ಇಂಥ ಸ್ವಾಗತ ಎಣಿಕೆಯಲ್ಲಿರಲಿಲ್ಲ. ದೊಡ್ಡಮ್ಮ ತಂಗಿಯ ಮಗಳ ಕಡೆ ನೋಡಿದಳು. ಮಗಳು ಸಲೈನ್ ಬಾಟಲಿಯ ಮೇಲಿನ ಚೀಟಿಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

“ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಹೇಳಿ” ಎಂದ ಡ್ರೈವರಣ್ಣ. “ಕಳ್ಳನ ಕಿವಿ ಹಿಡಿದ್ರಲ್ಲ, ಆ ಫೋರ್ಸೆಪ್ಸ್ ಡಾಕ್ಟರಿಗೆ ಕೊಟ್ರಾ ಇಲ್ವಾ?”

ದೊಡ್ಡಮ್ಮನಿಗೆ ಕಳ್ಳನೂ ಗೊತ್ತಿರಲಿಲ್ಲ, ಕಿವಿಯೂ ಗೊತ್ತಿರಲಿಲ್ಲ. ಅವಳು ಮೂರೂ ಮುಖಗಳನ್ನು ಒಂದೊಂದಾಗಿ ನೋಡಿದಳು. ಹತ್ತಿರದ ಸ್ಟೂಲು ಎಳೆದುಕೊಂಡು ಕೂತಳು.

“ಕಿವಿ ಮುಟ್ಟಿದ ಫೋರ್ಸೆಪ್ಸನ್ನ ಯಾರಾದ್ರೂ ಆಪರೇಷನ್‌ಗೆ ಕೊಡ್ತಾರೇನ್ರೀ? ಟ್ರೇನಲ್ಲಿ ಇನ್ನೊಂದಿತ್ತು, ಅದನ್ನ ಕೊಟ್ಟೆ.”

“ಮತ್ತೆ ಕಳ್ಳ?”

“ಕಳ್ಳ ಅಂತ ಹೇಳಿದ್ಲಾ? ಅವಳಿಗೆ ಅರ್ಧ ಗೊತ್ತು. ಇಬ್ಬರಿದ್ರು.”

ಅರಳು ಬಾಟಲಿಯಿಂದ ತಲೆ ಎತ್ತಿದಳು. ತನಗೆ ಈ ರೋಗ ಯಾರ ಕಡೆಯಿಂದ ಬಂತೆಂದು ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಅರ್ಥವಾಯಿತು.

ದೊಡ್ಡಮ್ಮ ಪಾಳಿ ಮುಗಿಯುವವರೆಗೂ ಕದಲಲಿಲ್ಲ. ಹೋಗುವಾಗ ಮಾತ್ರ ಮೇಷ್ಟ್ರಿಗೆ ಬೆರಳು ತೋರಿಸಿ, “ಪತ್ರ ಬರೆದದ್ದು ತಪ್ಪು. ನಾನು ಮರೆತಿಲ್ಲ” ಎಂದು ಹೇಳಿ ಮೇಲಿನ ಮಹಡಿಗೆ ಹತ್ತಿದಳು. ಶ್ ಸಿಸ್ಟರ್ ಒಂದು ಕಾಲದಲ್ಲಿ ಆ ಇನ್ನೊಂದು ಆಸ್ಪತ್ರೆಯಲ್ಲಿ ದೊಡ್ಡಮ್ಮನ ಕೈಕೆಳಗೆ ಕೆಲಸ ಕಲಿತವರು. ಅವರಿಗೆ ಶ್ ಅನ್ನುವುದನ್ನು ಕಲಿಸಿದ್ದೇ ದೊಡ್ಡಮ್ಮ. ಅರ್ಧ ಗಂಟೆಯಲ್ಲಿ ಅವಳು ಇಳಿದು ಬಂದಳು.

“ಸೋಮವಾರ ಹೋಗು, ಸಹಿ ಹಾಕ್ತಾಳೆ” ಎಂದಳು ಬಸ್ಸಿಗೆ ಕಾಯುತ್ತ. ಆಮೇಲೆ ರಸ್ತೆ ನೋಡುತ್ತಲೇ, “ಮೂವತ್ತೊಂದು ವರ್ಷದಲ್ಲಿ ಒಬ್ಬ ಪೇಷೆಂಟೂ ನನ್ನ ಮುಖ ನೋಡಿ ಗುರುತು ಹಿಡಿದಿಲ್ಲ ಕಣೆ. ಎಲ್ಲ ನಿದ್ದೇಲಿರೋರು. ಇವತ್ತು ಮೂರು ಜನ ಹಿಡಿದ್ರು. ಅದೂ ನಾನು ಮಾಡದ ಕೆಲಸಕ್ಕೆ.”

“ಕೋಪನಾ?”

“ಥಿಯೇಟರೇ ದೊಡ್ಡದು. ನಾನು ಹೇಳೋದು ಅಷ್ಟೇ. ಫಾರಂ ನಿನ್ನದು” ಎಂದಳು ದೊಡ್ಡಮ್ಮ. ಬಸ್ಸು ಬಂತು.

ಶನಿವಾರ, ಭಾನುವಾರ ಅರಳು ಫಾರಂ ಮುಂದಿಟ್ಟುಕೊಂಡು ಕೂತಳು. ಹಸಿರು ಬಟ್ಟೆಯನ್ನು ನೆನೆದಳು, ಅದು ಈಗಲೂ ಇಷ್ಟವೇ. ಆದರೆ ಬೆರಳ ತುದಿಗೆ ನೆನಪಾಗುತ್ತಿದ್ದದ್ದು ಆ ಝುಂಕಾರ. ಸೋಮವಾರ ಬೆಳಗ್ಗೆ ಅವಳು ಶ್ ಸಿಸ್ಟರ್ ಮುಂದೆ ನಿಂತು, ಕ್ಷಮೆ ಕೇಳಿ, ತಾನು ಡಯಾಲಿಸಿಸ್‌ನಲ್ಲೇ ಇರುವುದಾಗಿ ಹೇಳಿದಳು.

ಸಿಸ್ಟರ್ ತೆಗೆದಿಟ್ಟ ಪೆನ್ನನ್ನು ಮತ್ತೆ ಮುಚ್ಚಿದರು. ಅವರ ಮುಖದಲ್ಲಿ ಬೇಸರವೂ ಇತ್ತು, ನೆಮ್ಮದಿಯೂ ಇತ್ತು. “ನಿನ್ನ ಕೈ ನನಗೆ ಬೇಕಿತ್ತು” ಎಂದರು. ಆಮೇಲೆ ಬಾಗಿಲ ಕಡೆ ನೋಡಿ, ದನಿ ಇನ್ನೂ ತಗ್ಗಿಸಿ, “ಆ ಕಳ್ಳರ ವಿಷಯ ನಿಜವಾ? ನಾನೂ ಅದೇ ಥಿಯೇ­ಟರಿನಲ್ಲಿದ್ದೆ, ನೆನಪೇ ಆಗ್ತಿಲ್ಲ. ಮೂರು ಜನ ಅಂತಾರೆ ನಿಮ್ಮ ದೊಡ್ಡಮ್ಮ.”

ಅರಳು ಕೆಳಗೆ ಬಂದು ಅಣ್ಣನ ಮುಂದೆ ಫಾರಂ ಇಟ್ಟಳು. ಅವರು ಓದಿ, ಸಹಿ ಹಾಕಿ, ಪೆಟ್ಟಿಗೆಯಿಂದ ಹೊಸ ಸ್ಟೆತಾಸ್ಕೋಪ್ ಒಂದನ್ನು ತೆಗೆದು ಕೊಟ್ಟರು. ಅದು ಅವರ ಮಟ್ಟಿಗೆ ಭಾಷಣ.

“ಅಣ್ಣ, ಒಂದು ಉಪಕಾರ” ಎಂದಳು ಅರಳು. “ಶುಕ್ರವಾರದವರೆಗೆ ಆ ಮೂವರಿಗೆ ಹೇಳ್ಬೇಡಿ.”

ಅಣ್ಣ ಕಿಟಕಿಯ ಕಡೆ ಒಮ್ಮೆ ನೋಡಿದರು. “ನನಗೆ ಮಾತು ಕಡಿಮೆ ಅಂತ ಎಲ್ಲರಿಗೂ ಗೊತ್ತಲ್ಲ” ಎಂದರು.

ಅವಳು ಮೂವರೊಂದಿಗೆ ಮತ್ತೆ ಮಾತಾಡತೊಡಗಿದಳು, ಕಥೆಯನ್ನೂ ಹೇಳಿದಳು. ನಡುನಡುವೆ ಒಂದೊಂದು ನಿಟ್ಟುಸಿರು ಬಿಟ್ಟು, “ಇನ್ನೆಷ್ಟು ದಿನ” ಎನ್ನುತ್ತಿದ್ದಳು. ಡ್ರೈವರಣ್ಣನ ತೂಕ ನೋಡುವಾಗ, “ನಾನು ಹೋದ ಮೇಲೂ ಇಷ್ಟು ನೀರು ಕುಡಿದ್ರೆ ಮೇಲೆ ಕೂತು ನನ್ನ ಜೀವ ತಡೆಯಲ್ಲ” ಎಂದಳು. ಬುಧವಾರ ಅವನು ಬರೀ ಒಂದು ಕಿಲೊ ನಾನೂರು ಗ್ರಾಂ ಹೆಚ್ಚಾಗಿ ಬಂದ. ಎರಡು ವರ್ಷದಲ್ಲಿ ಅಷ್ಟು ಕಡಿಮೆ ಎಂದೂ ಇರಲಿಲ್ಲ. ಬಾಯಾರಿದಾಗಲೆಲ್ಲ ಬಾಯಿ ಮುಕ್ಕಳಿಸಿ ಉಗುಳಿದೆ ಎಂದು, ಯುದ್ಧದಿಂದ ಬಂದವನಂತೆ ಹೇಳಿದ. ಟೈಲರಮ್ಮ ಬೀಳ್ಕೊಡುಗೆಗೆಂದು ಹಸಿರು ಬಟ್ಟೆಯ ಮಾಸ್ಕ್ ಹೊಲಿದು ತಂದಳು. “ಆರು ಪದರ ಹಾಕಿದ್ದೀನಿ ಮಗು. ಒಳಗೆ ಏನು ಬೇಕಾದ್ರೂ ಮಾತಾಡು, ಹೊರಗೆ ಕೇಳ್ಸಲ್ಲ.” ಅರಳುವಿಗೆ ಆಗ ಒಂದಿಷ್ಟು ಪಾಪಪ್ರಜ್ಞೆ ಕಾಡಿತು. ಶುಕ್ರವಾರದವರೆಗೆ ತಡೆಯುವಷ್ಟೇ ಕಾಡಿತು.

ಮೇಷ್ಟ್ರು ಮಾತ್ರ ಎರಡು ದಿನ ಪತ್ರಿಕೆ ತಿದ್ದಲಿಲ್ಲ. ಒಂದೇ ಹಾಳೆಯನ್ನು ಬರೆದು ಹೊಡೆದುಹಾಕಿ, ಬರೆದು ಹೊಡೆದುಹಾಕಿ ಕೂತಿದ್ದರು.

ಶುಕ್ರವಾರ ಹತ್ತು ಗಂಟೆಗೆ ಶ್ ಸಿಸ್ಟರ್ ಸ್ವತಃ ಕೆಳಗಿಳಿದು ಬಂದರು. ಅವರು ಡಯಾಲಿಸಿಸ್ ಕೋಣೆಗೆ ಕಾಲಿಟ್ಟದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಕೈಯಲ್ಲಿ ಎರಡು ಕಾಗದ.

“ಇವೆರಡನ್ನೂ ಬರೆದೋರು ಒಬ್ಬರೇನಾ?” ಎಂದು ಕೇಳಿ, ಎರಡನೆಯದನ್ನು ಓದಿದರು. “ಹಿಂದಿನ ಪತ್ರ ಜ್ವರದ ತಾಪದಲ್ಲಿ ಬರೆದದ್ದು. ಈ ನರ್ಸ್ ಮಿತಭಾಷಿ. ಆರು ವಾರದಲ್ಲಿ ನಾವು ಇವರ ದನಿ ಕೇಳಿದ್ದು ಎರಡೋ ಮೂರೋ ಸಲ. ನಕ್ಕದ್ದನ್ನು ಕಂಡೇ ಇಲ್ಲ. ದಯವಿಟ್ಟು ಇವರಿಗೆ ಥಿಯೇಟರ್ ತಪ್ಪಿಸಬೇಡಿ.”

ಮೇಷ್ಟ್ರ ಕಿವಿ ಕೆಂಪಗಾಗಿತ್ತು. “ಜೀವನದಲ್ಲಿ ಬರೆದ ಒಂದೇ ಸುಳ್ಳು” ಎಂದರು ತಲೆ ತಗ್ಗಿಸಿ. “ಹುಡುಗಿಗೆ ಅನ್ಯಾಯ ಆಯ್ತು ಅನ್ನಿಸ್ತು. ಮೊದಲ ಪತ್ರ ಕೊನೆ ಗಳಿಗೆಯಲ್ಲಿ ಅಡ್ಡ ಬಂದೀತು ಅಂತ ಹೆದರಿದೆ.”

“ಆದ್ರೆ ಇದನ್ನ ನನಗ್ಯಾಕೆ ಬರೆದ್ರಿ?” ಎಂದರು ಶ್ ಸಿಸ್ಟರ್, ನಿಜವಾಗಿಯೂ ಅರ್ಥವಾಗದೆ. “ಅವಳು ಸೋಮವಾರವೇ ಥಿಯೇಟರ್ ಬೇಡ ಅಂದ್ಲಲ್ಲ. ಇಲ್ಲೇ ಇರ್ತೀನಿ ಅಂತ ಫಾರಂ ಕೊಟ್ಟಾಯ್ತು.”

ಮೂರು ತಲೆಗಳು ನಿಧಾನವಾಗಿ ಅರಳುವಿನ ಕಡೆ ತಿರುಗಿದವು. ಅಣ್ಣ ರಿಜಿಸ್ಟರಿನೊಳಗೆ ಮುಖ ಹುದುಗಿಸಿದರು. ಅವರ ಭುಜ ಕುಲುಕುತ್ತಿತ್ತು.

“ಸೋಮವಾರವೇ?” ಎಂದ ಡ್ರೈವರಣ್ಣ. “ಸೋಮವಾರದಿಂದ ನಾನು ಬಾಯಿ ಮುಕ್ಕಳಿಸ್ತಾ ಇದ್ದೀನಿ ಸಿಸ್ಟರ್. ಟೀ ಲೋಟ ಕಂಡ್ರೆ ಕಣ್ಣು ಮುಚ್ಕೊಂಡಿದ್ದೀನಿ.”

“ಒಳ್ಳೇದೇ ಆಯ್ತಲ್ಲ. ಕಾಲು ಸೆಡೆಯಿತಾ ಈ ವಾರ?”

ಅವನು ಯೋಚಿಸಿ, ಇಲ್ಲವೆಂದು ತಲೆಯಾಡಿಸಬೇಕಾಯಿತು. ಅದೇ ಅವನಿಗೆ ಹೆಚ್ಚು ಸಿಟ್ಟು ತರಿಸಿತು. ಟೈಲರಮ್ಮ ನಗುತ್ತ ನಗುತ್ತ ಕೆಮ್ಮಿ, ಮಾಸ್ಕ್ ವಾಪಸು ಕೊಡು ಎಂದು ಕೈ ಚಾಚಿದಳು. ಅರಳು ಕೊಡಲಿಲ್ಲ. ಮೇಷ್ಟ್ರು ಎರಡನೆಯ ಪತ್ರವನ್ನಾದರೂ ಹರಿದುಹಾಕಿ ಎಂದು ಶ್ ಸಿಸ್ಟರನ್ನು ಬೇಡಿಕೊಂಡರು. ಅವರು ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಬಂದಷ್ಟೇ ಸದ್ದಿಲ್ಲದೆ ಮೇಲೆ ಹೋದರು.

ಮರುವಾರ ಅರಳು ಕಾಯಂ ನರ್ಸಾಗಿ ಕೆಲಸಕ್ಕೆ ಬಂದಳು. ಏಳು ಗಂಟೆಗೆ ಡ್ರೈವರಣ್ಣ ತೂಕದ ಯಂತ್ರ ಹತ್ತಿದ. ಅವಳು ಒಮ್ಮೆ ನೋಡಿದಳು, ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ನೋಡಿದಳು. ನಾಲ್ಕು ಕಿಲೊ ಇನ್ನೂರು.

“ಏನ್ರೀ ಇದು ಡ್ರೈವರಣ್ಣ?”

“ಖುಷಿ ಸಿಸ್ಟರ್” ಎಂದ ಅವನು. “ನೀವು ಇಲ್ಲೇ ಇರ್ತೀರ ಅಂತ ಮನೇಲಿ ಹೇಳ್ದೆ. ಎಲ್ರೂ ಟೀ ಕುಡಿದ್ವಿ.”

“ಎಷ್ಟು ಸಲ?”

ಅವನು ತನ್ನ ಕುರ್ಚಿಗೆ ಹೋಗಿ ಒರಗಿದ. ಅಷ್ಟು ನೀರನ್ನು ಒಂದೇ ದಿನ ತೆಗೆದರೆ ಅವನ ಕಾಲು ಕೇಳುವುದಿಲ್ಲ. ಅರಳು ಚೀಟಿಯಲ್ಲಿ ಮಂಗಳವಾರವೂ ಎರಡು ಗಂಟೆ ಬರಬೇಕೆಂದು ಬರೆದು ಅವನ ಮಡಿಲಿಗೆ ಹಾಕಿ, ತೋಳಿನ ಮೇಲೆ ಬೆರಳಿಟ್ಟು ಝುಂಕಾರ ಹುಡುಕುತ್ತ, ಕಳ್ಳರು ನಾಲ್ವರಾದದ್ದು ಹೇಗೆಂದು ಹೇಳತೊಡಗಿದಳು.